ಗಿವ್, ಗೇವ್, ಗಿವನ್

ಎಂಟನೆಯ ತರಗತಿಯ ಒಬ್ಬ ಹುಡುಗ ಒಮ್ಮೆ ಬೋರ್ಡಿನ ಮೇಲೆ ‘ಮೈ ಫಾದರ್ ಗಿವ್ಡ್ ಮಿ ಎ ಪೆನ್’ ಎಂದು ದಪ್ಪ ಅಕ್ಷರಗಳಲ್ಲಿ ಬರೆದ. ಮುಂದಿನ ಬೆಂಚಿನ ಬುದ್ಧಿವಂತರು ಕಿಸಕ್ಕನೆ ನಕ್ಕರು. ನಾನು ಎಂದಿನಂತೆ ಡಸ್ಟರ್ ತೆಗೆದುಕೊಂಡು ‘ಗಿವ್ಡ್’ ಅಳಿಸಿ ‘ಗೇವ್’ ಎಂದು ತಿದ್ದಿದೆ. ಹುಡುಗ ಜಾಗಕ್ಕೆ ಹೋಗಲಿಲ್ಲ. “ಪ್ಲೇಗೆ ಪ್ಲೇಡ್, ವಾಕ್‌ಗೆ ವಾಕ್ಡ್ ಅಂತ ನೀವೇ ಹೇಳಿದ್ದು. ಗಿವ್‌ಗೆ ಮಾತ್ರ ಯಾಕೆ ಮೇಡಮ್ ಹಾಗಿಲ್ಲ?” ಎಂದು ಕೇಳಿದ. “ಅದು ಹಾಗೇ ಇರೋದು. ಬಾಯಿಪಾಠ ಮಾಡು,” ಎಂದೆ. ಕೆಲಸಕ್ಕೆ ಸೇರಿದಾಗಿನಿಂದ ನಾನು ಕೊಡುತ್ತ ಬಂದ ಉತ್ತರ ಇದೇ. ನನ್ನ ಮೇಷ್ಟ್ರು ನನಗೆ ಕೊಟ್ಟದ್ದೂ ಇದನ್ನೇ.

ನಮ್ಮ ಕನ್ನಡದಲ್ಲೇನು ಕಡಿಮೆಯೇ? ನೀಡು ಎಂದರೆ ನೀಡಿದ, ಕೊಡು ಎಂದರೆ ಕೊಟ್ಟ. ಬಿಡು ಬಿಟ್ಟ, ಸುಡು ಸುಟ್ಟ, ನೆಡು ನೆಟ್ಟ. ಯಾವ ತಾಯಿಯೂ ಇದನ್ನು ಬಾಯಿಪಾಠ ಮಾಡಿಸಿದವಳಲ್ಲ. ಎರಡು ವರ್ಷದ ಮಗು ‘ಕೊಡಿದ’ ಎಂದರೆ ಎತ್ತಿ ಮುದ್ದಾಡುತ್ತೇವೆ. ಹದಿಮೂರು ವರ್ಷದ ಹುಡುಗ ಪರಭಾಷೆಯಲ್ಲಿ ಅದೇ ನ್ಯಾಯವನ್ನು ಅನುಸರಿಸಿದರೆ ಕೆಂಪು ಮಸಿಯಲ್ಲಿ ಗೆರೆ ಎಳೆಯುತ್ತೇವೆ. ಅವತ್ತು ಮನೆಗೆ ಬಂದವಳು ಬಿ.ಎ. ಓದುವಾಗ ಕೊಂಡಿದ್ದ ಭಾಷಾ ಚರಿತ್ರೆಯ ಪುಸ್ತಕವನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿದೆ. ಹುಡುಗನಿಗೆ ಒಂದು ಸರಿಯಾದ ಉತ್ತರ ಹೇಳಿದರೆ ಸಾಕು ಎಂಬಷ್ಟೇ ನನ್ನ ಆಸೆಯಾಗಿತ್ತು. ಆದರೆ ಆ ಒಂದು ಕ್ರಿಯಾಪದ ಅಲ್ಲಿಗೇ ನನ್ನನ್ನು ಬಿಡಲಿಲ್ಲ.

ಉತ್ತರವೇನೋ ಸಿಕ್ಕಿತು. ಮಕ್ಕಳ ಕಥೆಗಳಿಂದ ನಮಗೆಲ್ಲ ಪರಿಚಿತರಾದ ಗ್ರಿಮ್ ಸೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ 1819ರಲ್ಲಿ ಜರ್ಮಾನಿಕ್ ಭಾಷೆಗಳ ದೊಡ್ಡ ವ್ಯಾಕರಣವೊಂದರ ಮೊದಲ ಸಂಪುಟವನ್ನು ಹೊರತಂದ. ಆ ಭಾಷೆಗಳ ಕ್ರಿಯಾಪದಗಳಿಗೆ ‘ಬಲವಾದವು’, ‘ದುರ್ಬಲವಾದವು’ ಎಂದು ಹೆಸರಿಟ್ಟವನು ಅವನೇ. ಭೂತಕಾಲಕ್ಕೆ ಹೋಗಬೇಕಾದರೆ ಬಾಲದಲ್ಲೊಂದು ‘ಡ್’ ಎಂಬ ಊರುಗೋಲು ಬೇಕಾಗುವಂಥವು ದುರ್ಬಲ. ಹೊರಗಿನಿಂದ ಏನನ್ನೂ ಪಡೆಯದೆ ತನ್ನ ಹೊಟ್ಟೆಯೊಳಗಿನ ಸ್ವರವನ್ನೇ ಬದಲಿಸಿಕೊಂಡು ಹೋಗುವಂಥವು ಬಲವಾದವು. ಗಿವ್ ಎರಡನೆಯ ಪಂಗಡದ್ದು. ಹಳೆಯ ಇಂಗ್ಲಿಷಿನಲ್ಲಿ ಇಂಥವು ಮುನ್ನೂರಕ್ಕೂ ಹೆಚ್ಚಿದ್ದವು. ಕಾಲಕ್ರಮದಲ್ಲಿ ಎಷ್ಟೋ ಅಳಿದವು, ಎಷ್ಟೋ ಸೋತು ಊರುಗೋಲು ಹಿಡಿದವು. ‘ಹೆಲ್ಪ್’ ಎಂಬುದಕ್ಕೆ ಒಂದು ಕಾಲದಲ್ಲಿ ‘ಹೋಲ್ಪ್’ ಎಂಬ ಭೂತರೂಪವಿತ್ತು ಎಂದರೆ ಇಂದು ಯಾರು ನಂಬುತ್ತಾರೆ? ದಿನವೂ ಬಳಸುವ ಪಾತ್ರೆಗೆ ಕಿಲುಬು ಹಿಡಿಯುವುದಿಲ್ಲವಲ್ಲ, ಹಾಗೆ ಗಿವ್ ಉಳಿದುಕೊಂಡಿತು. ನಾಲ್ಕನೆಯ ಶತಮಾನದ ಗಾಥಿಕ್ ಬೈಬಲಿನಲ್ಲಿ ಅದು ‘ಗಿಬನ್’, ಭೂತಕಾಲದಲ್ಲಿ ‘ಗಾಫ್’. ಇಂದಿನ ಜರ್ಮನಿನಲ್ಲಿ ಗೇಬೆನ್, ಗಾಬ್, ಗೆಗೇಬೆನ್. ಮರುದಿನ ಇಷ್ಟನ್ನು ತರಗತಿಯಲ್ಲಿ ಹೇಳಿದೆ. ಹುಡುಗ, “ಹಾಗಾದರೆ ನಾನು ಬರೆದದ್ದು ತಪ್ಪಲ್ಲ, ದುರ್ಬಲ ಅಷ್ಟೆ,” ಎಂದ. ಅವನಿಗೆ ಅರ್ಧ ಮಾರ್ಕು ಕೊಡಬೇಕೆನ್ನಿಸಿದ್ದು ಸುಳ್ಳಲ್ಲ.

ಮುಂದಿನದನ್ನು ನಾನು ತರಗತಿಯಲ್ಲಿ ಹೇಳಲಿಲ್ಲ. ಇಂಗ್ಲೆಂಡಿನವರು ಆ ಮಾತನ್ನು ಮೊದಲು ‘ಗ’ಕಾರದಿಂದ ನುಡಿಯುತ್ತಲೇ ಇರಲಿಲ್ಲ. ಅವರದು ‘ಯ’ಕಾರ. ಹದಿನಾಲ್ಕನೆಯ ಶತಮಾನದ ಚಾಸರ್ ಕವಿಯಲ್ಲೂ ಅದು ‘ಯಿವ್’, ‘ಯಾಫ್’ ಎಂದೇ ಇದೆ. ಈ ಗಟ್ಟಿ ‘ಗ’ಕಾರ ಸಮುದ್ರ ದಾಟಿ ಬಂದ ವೈಕಿಂಗರದು. ಅವರ ‘ಗೆಫ’ ಎಂಬ ಮಾತಿನ ಪ್ರಭಾವ ಇಂಗ್ಲೆಂಡಿನ ಉತ್ತರದಲ್ಲಿ ಬೇರೂರಿ, ನಿಧಾನವಾಗಿ ದಕ್ಷಿಣಕ್ಕೆ ಇಳಿಯಿತು. ಅದಕ್ಕಿಂತ ಮೋಜಿನ ಸಂಗತಿ ಎಂದರೆ ‘ಟೇಕ್’ ಎಂಬುದೂ ಅವರದೇ. ಇಂಗ್ಲಿಷರಿಗೆ ತೆಗೆದುಕೊಳ್ಳುವುದಕ್ಕೆ ತಮ್ಮದೇ ಆದ ‘ನಿಮನ್’ ಎಂಬ ಬಲವಾದ ಕ್ರಿಯಾಪದವಿತ್ತು. ಅದು ಬಡವಾಗುತ್ತ ಬಡವಾಗುತ್ತ ಕೊನೆಗೆ ಕಳ್ಳರ ಬಾಯಲ್ಲಿ ‘ಕದಿ’ ಎಂಬ ಅರ್ಥಕ್ಕೆ ಇಳಿಯಿತು. ಶೇಕ್ಸ್‌ಪಿಯರ್ ತನ್ನ ಒಬ್ಬ ಕಳ್ಳ ಸಿಪಾಯಿಗೆ ನಿಮ್ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಇಂದು ಅದು ಉಳಿದಿರುವುದು ‘ನಮ್’ ಎಂಬ ಮಾತಿನಲ್ಲಿ. ಕೈ ಜೋಮು ಹಿಡಿಯಿತು ಎನ್ನುತ್ತೇವಲ್ಲ, ಅದು. ಮೂಲದಲ್ಲಿ ‘ತೆಗೆದುಕೊಳ್ಳಲ್ಪಟ್ಟದ್ದು’ ಎಂದರ್ಥ.

ಹೀಗೆ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಇಂಗ್ಲಿಷರು ಹೇಳಲು ಕಲಿತದ್ದು ದೋಚಲು ಬಂದವರ ಉಚ್ಚಾರಣೆಯಲ್ಲಿ. 991ರಲ್ಲಿ ವೈಕಿಂಗರ ಕಾಟ ತಡೆಯಲಾಗದೆ ಇಂಗ್ಲೆಂಡಿನ ಅರಸ ಹತ್ತು ಸಾವಿರ ಪೌಂಡ್ ಕಪ್ಪ ತೆತ್ತನೆಂದು ಅವರದೇ ವೃತ್ತಾಂತ ಹೇಳುತ್ತದೆ. ಆ ಹಣವನ್ನೂ ‘ಕೊಟ್ಟರು’ ಎಂದೇ ಬರೆಯಬೇಕು. ಕತ್ತಿಗೆ ಹೆದರಿ ಕೊಟ್ಟರೂ, ಕರುಣೆಯಿಂದ ಕೊಟ್ಟರೂ, ನಾಲ್ಕು ಜನ ನೋಡಲಿ ಎಂದು ಕೊಟ್ಟರೂ ಕ್ರಿಯಾಪದ ಮಾತ್ರ ಒಂದೇ. ವ್ಯಾಕರಣ ಕಾಲವನ್ನು ಕೇಳುತ್ತದೆ, ವಚನವನ್ನು ಕೇಳುತ್ತದೆ, ಯಾಕೆ ಕೊಟ್ಟೆ ಎಂದು ಕೇಳುವುದಿಲ್ಲ.

ಆ ಜನರ ಹಳೆಯ ಕಾವ್ಯ ಬೇವುಲ್ಫ್‌ನಲ್ಲಿ ಸಿಂಹಾಸನಕ್ಕೆ ಒಂದು ಹೆಸರಿದೆ: ‘ಗಿಫ್‌ಸ್ಟೋಲ್’. ಕೊಡುಗೆಯ ಪೀಠ ಎಂದು ಅರ್ಥ. ಅರಸ ಎಂದರೆ ಅದರ ಮೇಲೆ ಕೂತು ತನ್ನ ಭಟರಿಗೆ ಚಿನ್ನದ ಕಡಗ, ಕವಚ, ಕುದುರೆ ಕೊಡುವವನು. ಆದರೆ ಕಡಗ ತೊಟ್ಟ ತೋಳು ಆ ಕ್ಷಣದಿಂದ ಅರಸನದು. ಕಾವ್ಯದ ಕೊನೆಯಲ್ಲಿ ಮುದುಕನಾದ ಬೇವುಲ್ಫ್ ಬೆಂಕಿ ಉಗುಳುವ ಘಟಸರ್ಪದೊಡನೆ ಹೋರಾಡುವಾಗ ಅವನ ಹತ್ತು ಜನ ಭಟರು ಕಾಡಿಗೆ ಓಡಿಹೋಗುತ್ತಾರೆ. ವಿಗ್ಲಾಫ್ ಎಂಬ ಹುಡುಗ ಮಾತ್ರ ನಿಲ್ಲುತ್ತಾನೆ. ಆಮೇಲೆ ಅವನು ಆ ಹತ್ತು ಜನರನ್ನು ಹಳಿಯುವಾಗ ಅವರ ಹೇಡಿತನಕ್ಕಿಂತ ಹೆಚ್ಚಾಗಿ ನೆನಪಿಸುವುದು ಅವರು ತೊಟ್ಟಿದ್ದ ಕವಚವನ್ನು. ಅದನ್ನು ಕೊಟ್ಟವರು ಯಾರು ಎಂಬುದನ್ನು. ಮೊದಲ ಸಲ ಓದಿದಾಗ ವಿಗ್ಲಾಫನ ಮಾತು ನ್ಯಾಯವೆನ್ನಿಸಿತ್ತು. ಈಗ ಓದಿದಾಗ ಆ ಹತ್ತು ಜನರ ಕಡೆಗೂ ಮನಸ್ಸು ವಾಲಿತು. ಅದಕ್ಕೆ ಕಾರಣವಿದೆ. ಕೊಡುಗೆಯ ಪೀಠದ ಮೇಲೆ ನಾನೂ ಒಮ್ಮೆ ಕೂತವಳು.

2003ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ತಂದೆ ಇಲ್ಲ, ತಾಯಿ ಅಡಿಕೆ ಸುಲಿಯಲು ಹೋಗುತ್ತಿದ್ದರು. ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ ಆಕೆ ಶಾಲೆಗೆ ಬರಲಿಲ್ಲ. ನಾನು ಶುಲ್ಕ ಕಟ್ಟಿದೆ. ಆಮೇಲೆ ಎರಡು ಗೈಡು, ಒಂದು ಜೊತೆ ಚಪ್ಪಲಿ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಬಸ್ ಖರ್ಚು. ಎಲ್ಲ ಸೇರಿ 640 ರೂಪಾಯಿ. ಹುಡುಗಿ ಮೊದಲ ದರ್ಜೆಯಲ್ಲಿ ಪಾಸಾದಳು, ನರ್ಸಿಂಗ್ ಓದಲು ಹೋದಳು. ರಜೆಗೆ ಬಂದಾಗಲೆಲ್ಲ ಸಂತೆಯಲ್ಲಿ ಸಿಕ್ಕರೆ ಬಗ್ಗಿ ಕಾಲು ಮುಟ್ಟುತ್ತಿದ್ದಳು. ‘ಬೇಡ ಏಳಮ್ಮ’ ಎನ್ನುತ್ತಿದ್ದೆ. ಸುತ್ತಲಿನವರು ನೋಡಿದರೇ ಎಂದು ಓರೆಗಣ್ಣಿನಲ್ಲಿ ಗಮನಿಸುತ್ತಲೂ ಇದ್ದೆ. ಬರೆಯಲು ಕೂತ ಮೇಲೆ ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಒಂದು ದಿನ ಆಕೆ ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟಿಹೋದಳು. ಎರಡನೆಯ ಸಲವೂ ಹಾಗೇ ಆಯಿತು. 2010ರಲ್ಲಿ ಪೋಸ್ಟ್‌ಮ್ಯಾನ್ ಶಾಲೆಗೇ ಬಂದು ಒಂದು ಮನಿಯಾರ್ಡರಿಗೆ ಸಹಿ ಹಾಕಿಸಿಕೊಂಡ. ಸರಿಯಾಗಿ 640 ರೂಪಾಯಿ. ಬಡ್ಡಿಯಿಲ್ಲ, ಅಸಲು. ಅಡಿಯಲ್ಲಿ ಎರಡು ಸಾಲು ಬರೆಯಲು ಜಾಗ ಬಿಟ್ಟಿರುತ್ತಿದ್ದರಲ್ಲ, ಆ ಜಾಗ ಖಾಲಿ. 2015ರಲ್ಲಿ ಆ ಹಳೆಯ ಮನಿಯಾರ್ಡರೇ ನಿಂತುಹೋಯಿತು. ನನ್ನ ಬೀರುವಿನಲ್ಲಿ ಆ ಚೂರು ಕಾಗದ ಮಾತ್ರ ಉಳಿದಿದೆ. ಹಣವನ್ನು ಮುಟ್ಟಲು ಮನಸ್ಸಾಗದೆ ಒಂದು ವರ್ಷ ಅದರ ಜೊತೆಗೇ ಇಟ್ಟಿದ್ದೆ. ಸ್ಟಾಫ್ ರೂಮಿನಲ್ಲಿ ಹಿಂದಿ ಮೇಷ್ಟ್ರ ಹತ್ತಿರ ಹೇಳಿಕೊಂಡಾಗ ಅವರು, “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಬಿಡಿ ಮೇಡಮ್, ಈಗಿನ ಕಾಲವೇ ಹಾಗೆ,” ಎಂದು ಸಮಾಧಾನ ಮಾಡಿದರು. ಆದರೆ ಆಕೆ ಇಸ್ಕೊಂಡದ್ದನ್ನು ವಾಪಸು ಕೊಟ್ಟಿದ್ದಳಲ್ಲ! ಗಾದೆ ಹೊಂದುತ್ತಿರಲಿಲ್ಲ. ನನಗೆ ಅವಮಾನವಾಗಿದ್ದು ಯಾಕೆ ಎಂಬುದಕ್ಕೆ ಆ ಗಾದೆಯಲ್ಲಿ ಉತ್ತರವಿರಲಿಲ್ಲ.

ಉತ್ತರದ ಒಂದು ತುದಿ ಸಿಕ್ಕಿದ್ದು ಜರ್ಮನ್ ನಿಘಂಟಿನಲ್ಲಿ. ಇಂಗ್ಲಿಷಿನ ‘ಗಿಫ್ಟ್’ ಹುಟ್ಟಿದ್ದು ಇದೇ ಧಾತುವಿನಿಂದ ಎಂಬುದು ಕಣ್ಣಿಗೆ ಕಾಣುತ್ತದೆ. ಅದೇ ‘ಗಿಫ್ಟ್’ ಜರ್ಮನಿನಲ್ಲಿ ವಿಷ! ಮೊದಲು ಅಲ್ಲಿಯೂ ಅದಕ್ಕೆ ಕೊಡುಗೆ ಎಂದೇ ಅರ್ಥವಿತ್ತು. ಗ್ರೀಕರು ವೈದ್ಯನು ಕೊಡುವ ಮದ್ದಿನ ಪ್ರಮಾಣಕ್ಕೆ ‘ದೋಸಿಸ್’ ಎನ್ನುತ್ತಿದ್ದರು. ಅಂದರೆ ಕೊಡುವಿಕೆ. ನಮ್ಮ ಡಾಕ್ಟರು ಎರಡು ಡೋಸ್ ಎನ್ನುವುದೂ ಅದನ್ನೇ. ಅದನ್ನು ಜರ್ಮನಿಗೆ ತರುವಾಗ ‘ಗಿಫ್ಟ್’ ಎಂದರು. ಕ್ರಮೇಣ ಕೊಲ್ಲುವ ಮದ್ದಿಗೇ ಆ ಹೆಸರು ಅಂಟಿಕೊಂಡಿತು. ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ನಮ್ಮಲ್ಲೂ ಮದ್ದು ಎಂದರೆ ಔಷಧ, ‘ಮದ್ದು ಹಾಕಿದರು’ ಎಂದರೆ ಬೇರೆಯೇ ಕಥೆ. ಹತ್ತಿರದವರ ಮನೆಯಲ್ಲಿ, ನಂಬಿ ಉಂಡ ಅನ್ನದಲ್ಲಿ ಮಾತ್ರ ಹಾಕಬಹುದಾದದ್ದು ಅದು.

ಸ್ವೀಡಿಷಿನಲ್ಲಿ ‘ಗಿಫ್ಟ್’ ವಿಷವೂ ಹೌದು, ‘ಮದುವೆಯಾದ’ ಎಂಬ ಅರ್ಥದ ಗುಣವಾಚಕವೂ ಹೌದು. ಅಲ್ಲಿನ ಗಂಡಸರು ಇದನ್ನು ಹಿಡಿದು ಹಾಸ್ಯ ಮಾಡದೆ ಇರುತ್ತಾರೆಯೆ! ಹೆಂಗಸಾಗಿ ನನಗೆ ಹೊಳೆಯುವುದು ಬೇರೆ. ಹಳೆಯ ಇಂಗ್ಲಿಷಿನಲ್ಲೂ ಈ ಮಾತಿಗೆ ವಧುವಿನ ಬೆಲೆ ಎಂದರ್ಥ, ಬಹುವಚನದಲ್ಲಿ ಮದುವೆ ಎಂದರ್ಥ. ಅಂದರೆ ಹೆಣ್ಣನ್ನು ‘ಕೊಡುವುದು’ ನಮ್ಮ ಮನೆಗಳಲ್ಲಿ ಮಾತ್ರ ನಡೆದದ್ದಲ್ಲ. ‘ಎಲ್ಲಿಗೆ ಕೊಟ್ಟಿದ್ದೀರಿ?’ ಎಂದು ನಾವು ಇವತ್ತಿಗೂ ಕೇಳುತ್ತೇವೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು, ಹೇಳಿ ತಾವೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಳೆಯ ಇಂಗ್ಲೆಂಡಿನಲ್ಲಿ ಮದುವೆಯ ಮರುಬೆಳಗ್ಗೆ ಗಂಡ ಹೆಂಡತಿಗೆ ಕೊಡುವ ‘ಬೆಳಗಿನ ಕೊಡುಗೆ’ ಇತ್ತು. ಭೂಮಿಯೋ ಹಣವೋ, ಅದು ಆಕೆಯ ಸ್ವಂತದ್ದು, ನಮ್ಮ ಸ್ತ್ರೀಧನದ ಹಾಗೆ. ಆದರೆ ಹನ್ನೊಂದನೆಯ ಶತಮಾನದ ಕನೂಟ್ ಅರಸನ ಶಾಸನದ ಪ್ರಕಾರ ವಿಧವೆ ವರ್ಷ ತುಂಬುವ ಮೊದಲೇ ಮರುಮದುವೆಯಾದರೆ ಆ ಕೊಡುಗೆ ಕೈತಪ್ಪುತ್ತಿತ್ತು. ಕೊಟ್ಟದ್ದಕ್ಕೆ ಒಂದು ದಾರ ಕಟ್ಟಿರುತ್ತಿತ್ತು ಎಂದಾಯಿತು. ಜರ್ಮನಿನಲ್ಲಿ ವರದಕ್ಷಿಣೆಗೆ ‘ಮಿಟ್‌ಗಿಫ್ಟ್’ ಎನ್ನುತ್ತಾರೆ, ಜೊತೆಗೆ ಕೊಟ್ಟದ್ದು. ಕೊಡುಗೆಯ ಹಳೆಯ ಅರ್ಥ ಅಲ್ಲಿ ಉಳಿದಿದೆ. ಮಿಟ್‌ಗಿಫ್ಟ್ ಎಂಬುದನ್ನು ಬಿಡಿಸಿ ಓದಿದರೆ ನಮ್ಮ ಎಷ್ಟೋ ಮನೆಗಳ ಕಥೆ ಅಲ್ಲಿಯೇ ಇದೆ ಎನ್ನಿಸಿತು. ನಮ್ಮ 1961ರ ವರದಕ್ಷಿಣೆ ನಿಷೇಧ ಕಾಯಿದೆ ತೆಗೆದುಕೊಳ್ಳುವವನನ್ನು ಮಾತ್ರವಲ್ಲ, ಕೊಡುವವನನ್ನೂ ಅಪರಾಧಿ ಎನ್ನುತ್ತದೆ. ಕೇಳದೆ ಪ್ರೀತಿಯಿಂದ ಕೊಟ್ಟ ಉಡುಗೊರೆಗೆ ಮಾತ್ರ ವಿನಾಯಿತಿ, ಅದಕ್ಕೂ ಪಟ್ಟಿ ಬರೆದಿಡಬೇಕು. ಪ್ರೀತಿಯೋ ಭಯವೋ ಎಂಬುದನ್ನು ಯಾವ ಪಟ್ಟಿ ಹೇಳೀತು? ನನ್ನ ತಂದೆ ನನಗೆ ಹಾಕಿದ ನಾಲ್ಕು ಬಳೆಗಳ ವಿಚಾರದಲ್ಲೇ ನನಗೆ ಇನ್ನೂ ಗೊತ್ತಾಗಿಲ್ಲ.

ಫ್ರಾನ್ಸಿನ ಮಾರ್ಸೆಲ್ ಮೋಸ್ ಎಂಬ ವಿದ್ವಾಂಸ ಈ ಎರಡು ಗಿಫ್ಟುಗಳ ಬಗ್ಗೆಯೇ 1924ರಲ್ಲಿ ಒಂದು ಸಣ್ಣ ಲೇಖನ ಬರೆದ. ಅದೇ ಹೊತ್ತಿನಲ್ಲಿ ಕೊಡುಗೆಯ ಬಗ್ಗೆ ಅವನು ಬರೆದ ದೀರ್ಘ ಪ್ರಬಂಧ ಹೆಚ್ಚು ಪ್ರಸಿದ್ಧ. ಅದರ ಬಾಗಿಲಲ್ಲಿ ಅವನು ನಿಲ್ಲಿಸಿಕೊಂಡದ್ದು ವೈಕಿಂಗರ ನಾಡಿನ ಹಳೆಯ ನೀತಿಪದ್ಯಗಳನ್ನು, ಒಳಗೆ ನಮ್ಮ ಮಹಾಭಾರತದ ಅನುಶಾಸನಪರ್ವದ ದಾನಧರ್ಮವನ್ನೂ ಚರ್ಚಿಸಿದ್ದಾನೆ. ಅವನ ವಾದ ಇಷ್ಟು: ಪುಕ್ಕಟೆ ಕೊಡುಗೆ ಎಂಬುದೇ ಇಲ್ಲ. ಕೊಡಲೇಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಲೇಬೇಕು, ತೆಗೆದುಕೊಂಡವನು ತಿರುಗಿ ಕೊಡಲೇಬೇಕು. ಕೊಟ್ಟ ವಸ್ತುವಿನೊಳಗೆ ಕೊಟ್ಟವನ ಒಂದು ಅಂಶ ಉಳಿದಿರುತ್ತದೆ. ತಿರುಗಿ ಕೊಡುವವರೆಗೆ ಅದು ಪಡೆದವನನ್ನು ಕಾಡುತ್ತದೆ. ನನಗೆ ಇದು ಪೂರ್ತಿ ಒಪ್ಪಿಗೆಯಲ್ಲ. ತಾಯಿಯ ಎದೆಹಾಲನ್ನು ಯಾರು ತಿರುಗಿಸಿದ್ದಾರೆ? ಆದರೆ ಆ 640 ರೂಪಾಯಿಯ ಮಟ್ಟಿಗೆ ಅವನು ಹೇಳಿದ್ದು ನಿಜ.

ಇದರ ಬೇರು ಇನ್ನೂ ಆಳದಲ್ಲಿದೆ. ಗಿವ್ ಎಂಬುದಕ್ಕೆ ಲ್ಯಾಟಿನ್ನಿನ ‘ಹಬೇರೆ’ ಬಂಧು ಎಂದು ಭಾಷಾಪಂಡಿತರು ಹೇಳುತ್ತಾರೆ. ಹಬೇರೆ ಎಂದರೆ ಹೊಂದಿರುವುದು. ಐರಿಷ್ ಭಾಷೆಯಲ್ಲಿ ಅದೇ ಬೇರಿನ ಮಾತಿಗೆ ಹಿಡಿ, ತೆಗೆದುಕೋ ಎಂದರ್ಥ. ಒಂದೇ ಬೇರು ಒಂದು ಕಡೆ ಕೊಡುವುದಾಯಿತು, ಇನ್ನೊಂದು ಕಡೆ ಇಟ್ಟುಕೊಳ್ಳುವುದಾಯಿತು, ಮತ್ತೊಂದು ಕಡೆ ಕಿತ್ತುಕೊಳ್ಳುವುದಾಯಿತು. ಸಂಸ್ಕೃತದ ‘ದಾ’ ಎಂದರೆ ಕೊಡು. ಅದರ ಜ್ಞಾತಿಯಾದ ಹಿಟ್ಟೈಟ್ ಭಾಷೆಯ ‘ದಾ’ ಎಂದರೆ ತೆಗೆದುಕೋ. ಅಷ್ಟು ದೂರ ಯಾಕೆ, ದಾನಕ್ಕೆ ಹಿಂದೊಂದು ‘ಆ’ ಸೇರಿಸಿದರೆ ಆದಾನ, ತೆಗೆದುಕೊಳ್ಳುವುದು. ಎರಡು ಕೈಗಳ ನಡುವೆ ಒಂದು ವಸ್ತು ಇರುವ ಕ್ಷಣದಲ್ಲಿ ಅದು ಯಾವ ಕೈಯದು ಎಂದು ಆ ಹಳಬರು ಬಿಡಿಸಿ ನೋಡುತ್ತಿರಲಿಲ್ಲವೇನೋ.

ಕನ್ನಡ ಮಾತ್ರ ಇಲ್ಲಿ ಖಂಡಿತವಾದಿ. ಕೊಡು ಎಂದರೆ ಕೊಡು, ಕೊಳ್ಳು ಎಂದರೆ ಕೊಳ್ಳು. ಇನ್ನೊಂದು ಕ್ರಿಯಾಪದದ ಬೆನ್ನಿಗೆ ಇವನ್ನು ಹಚ್ಚಿದರೆ ಆ ಕೆಲಸ ಯಾರಿಗಾಗಿ ನಡೆಯಿತು ಎಂಬುದೂ ಬಯಲಾಗುತ್ತದೆ. ಮಾಡಿಕೊಡು ಎಂದರೆ ಇತರರಿಗೆ, ಮಾಡಿಕೊಳ್ಳು ಎಂದರೆ ತನಗೆ. ನನ್ನ ಕಸುಬಿಗೆ ಕನ್ನಡದಲ್ಲಿರುವ ಹೆಸರು ‘ಹೇಳಿಕೊಡುವುದು’. ಅದರ ಪಕ್ಕದಲ್ಲೇ ‘ಹೇಳಿಕೊಳ್ಳುವುದು’ ಎಂಬುದಿದೆ. ಇದು ಹೊಳೆದ ದಿನ ನಾನು ಮರೆತೇಬಿಟ್ಟಿದ್ದ ಒಂದು ಬೆಳಗ್ಗೆ ನೆನಪಾಯಿತು. ಆ ಹುಡುಗಿ ಪಾಸಾಗಿ ಹೋದ ಮೂರು ವರ್ಷದ ಮೇಲೆ, ಒಂಬತ್ತನೆಯ ತರಗತಿಯಲ್ಲಿ, ಓದದ ಮಕ್ಕಳನ್ನು ಗದರಿಸುತ್ತ, ಆಕೆಯ ಹೆಸರು ಹಿಡಿದೇ ಹೇಳಿದ್ದೆ: “ಕಾಲಿಗೆ ಚಪ್ಪಲಿ ಇರಲಿಲ್ಲ ಅವಳಿಗೆ. ಫೀಸು ನಾನೇ ಕಟ್ಟಿದ್ದು. ಇವತ್ತು ನೋಡಿ ಎಲ್ಲಿದ್ದಾಳೆ!” ಮೂರನೆಯ ಬೆಂಚಿನಲ್ಲಿ ಆಕೆಯ ತಂಗಿ ಕೂತಿದ್ದಳು.

ಅವಳಿಗೆ ಹೇಳಿಕೊಡಬೇಕಾಗಿದ್ದವಳು ಹೇಳಿಕೊಂಡೆ. ರಸ್ತೆ ದಾಟಿದ್ದು ಅದಾದ ಮೇಲಿನ ರಜೆಯಲ್ಲಿ.

ಗಿವ್‌ನ ಮನೆತನದಲ್ಲೇ ‘ಫರ್ಗಿವ್’ ಇದೆ. ಮಕ್ಕಳಿಗೆ ಅದನ್ನೂ ಫರ್ಗಿವ್, ಫರ್ಗೇವ್, ಫರ್ಗಿವನ್ ಎಂದು ಬಾಯಿಪಾಠ ಮಾಡಿಸುತ್ತೇನೆ. ಪೂರ್ತಿಯಾಗಿ ಕೊಟ್ಟುಬಿಡುವುದು ಎಂಬುದು ಅದರ ಕಟ್ಟಡ. ಲ್ಯಾಟಿನ್ನಿನ ‘ಪೆರ್ದೊನಾರೆ’, ಅದರಿಂದ ಬಂದ ‘ಪಾರ್ಡನ್’ ಕೂಡ ಅದೇ ಅಚ್ಚಿನವು. ಮೊದಲಿಗೆ ಅದು ಸಾಲದ ಮಾತೂ ಆಗಿತ್ತು, ಈಗಲೂ ಸಾಲ ಮನ್ನಾ ಮಾಡುವುದಕ್ಕೆ ಇಂಗ್ಲಿಷ್ ಪತ್ರಿಕೆಗಳು ಆ ಪದವನ್ನೇ ಬಳಸುತ್ತವೆ. ಜರ್ಮನಿನಲ್ಲಿ ಸಾಲಕ್ಕೂ ಅಪರಾಧಕ್ಕೂ ‘ಶುಲ್ಡ್’ ಎಂಬ ಒಂದೇ ಮಾತು. ನಮ್ಮ ಕ್ಷಮೆಯ ದಾರಿ ಬೇರೆ. ಅದರ ಧಾತುವಿಗೆ ತಾಳಿಕೊಳ್ಳು ಎಂದರ್ಥ, ಭೂಮಿಗೂ ಅದೇ ಹೆಸರು. ನಾವು ತಪ್ಪನ್ನು ಹೊತ್ತುಕೊಂಡು ಸುಮ್ಮನಿರುತ್ತೇವೆ, ಅವರು ತಮಗೆ ಬರಬೇಕಾದದ್ದನ್ನು ಬಿಟ್ಟುಕೊಡುತ್ತಾರೆ. ಎರಡರಲ್ಲಿ ಯಾವುದು ದೊಡ್ಡದೆಂದು ತೀರ್ಪು ಕೊಡಲು ನನಗೆ ಅರ್ಹತೆಯಿಲ್ಲ. ಬಹಳ ದಿನ ನಾನು ಆ ಹುಡುಗಿಯನ್ನು ಕ್ಷಮಿಸಿದ್ದೇನೆ ಎಂದುಕೊಂಡಿದ್ದೆ. ಲೆಕ್ಕ ನೋಡಿದರೆ ಸಾಲ ಉಳಿದಿದ್ದುದು ನನ್ನ ಕಡೆ.

2018ರಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಎರಡನೆಯ ಪಂಕ್ತಿಯಲ್ಲಿ ಜಾಗ ಹುಡುಕುತ್ತಿದ್ದಾಗ, “ಮೇಡಮ್, ಇಲ್ಲಿ ಬನ್ನಿ,” ಎಂದು ಯಾರೋ ಕರೆದರು. ಅವಳೇ. ಮಡಿಲಲ್ಲಿ ನಾಲ್ಕು ವರ್ಷದ ಮಗ. ಕಾಲು ಮುಟ್ಟಲಿಲ್ಲ, ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ಜಾಗ ಮಾಡಿದಳು. ಉಪ್ಪು, ಕೋಸಂಬರಿ, ಪಲ್ಯ ಬರುವವರೆಗೆ ಆಸ್ಪತ್ರೆ, ರಾತ್ರಿ ಪಾಳಿ, ಮಗನ ಶಾಲೆ ಎಂದು ಮಾತಾಡಿದೆವು. ಸಮಾನರ ಮಾತು. ಅನ್ನ ಬಡಿಸಿದ ಮೇಲೆ ನಾನೇ, “ಅವತ್ತು ಕ್ಲಾಸಿನಲ್ಲಿ ನಿನ್ನ ಹೆಸರು ಎತ್ತಬಾರದಿತ್ತು ನಾನು,” ಎಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ.

“ತಂಗಿ ಮನೆಗೆ ಬಂದು ತುಂಬಾ ಅತ್ಲು ಮೇಡಮ್. ನಾನು ಅಳಲಿಲ್ಲ. ಕೂತು ಲೆಕ್ಕ ಬರೆದೆ,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. “ಚಪ್ಪಲಿದು ಎಷ್ಟು ಅಂತ ಗೊತ್ತಿರಲಿಲ್ಲ. ಅಂಗಡಿಗೆ ಹೋಗಿ ಕೇಳ್ಕೊಂಡು ಬಂದೆ.”

“ಒಂದು ಸಾಲು ಬರೆಯಬಹುದಿತ್ತಲ್ಲ ಮಾರಾಯ್ತಿ, ಮನಿಯಾರ್ಡರಿನಲ್ಲಿ.”

“ಏನು ಬರೀಬೇಕು ಅಂತ ತಿಳೀಲಿಲ್ಲ ಮೇಡಮ್. ಥ್ಯಾಂಕ್ಸ್ ಅಂತ ಬರೆದರೆ ನಿಮಗೆ ಬೇಜಾರಾಗುತ್ತೆ ಅನ್ನಿಸ್ತು. ಬೇರೆ ಏನಾದರೂ ಬರೆದರೆ ನನಗೇ ಬೇಜಾರಾಗುತ್ತಿತ್ತು. ಪೋಸ್ಟಾಫೀಸಲ್ಲಿ ಪೆನ್ನು ಹಿಡ್ಕೊಂಡು ಕೂತೇ ಇದ್ದೆ. ಕೌಂಟರ್ ಮುಚ್ಚೋ ಹೊತ್ತಾಯ್ತು, ಹಾಗೇ ಕೊಟ್ಟುಬಿಟ್ಟೆ.”

ಅಷ್ಟರಲ್ಲಿ ಪಾಯಸದವನು ಬಂದ. ಸಕ್ಕರೆ ಕಾಯಿಲೆಯೆಂದು ನಾನು ಎಲೆಗೆ ಕೈ ಅಡ್ಡ ಹಿಡಿದೆ. “ಒಂದು ಸೌಟು ಹಾಕಿಸ್ಕೊಳ್ಳಿ ಮೇಡಮ್, ನಾನಿದ್ದೀನಲ್ಲ, ನರ್ಸು,” ಎಂದು ಅವಳು ನಕ್ಕಳು. ಕೈ ತೆಗೆದೆ. ಹಾಕಿಸಿಕೊಂಡೆ.